ಪಾಲಿಶ್ ಇಲ್ಲದ ಬೆಂಚು

"ಭಾವ, ಸ್ವಲ್ಪ ಬನ್ನಿ ಇಲ್ಲಿ."

ಬಾಮೈದ ಕೀಸುಳಿಯನ್ನು ಮಗ್ಗುಲಿಗಿಟ್ಟು, ಹಲಗೆಯ ಮೇಲಿನ ಪುಡಿಯನ್ನು ಬಾಯಿಂದ ಊದಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಕಿಟಕಿಯ ಬಳಿ ಡಬ್ಬಿಗಳ ಮುಚ್ಚಳ ಒರೆಸುತ್ತ ಕೂತಿದ್ದ ಪಾಲಿಶ್ ಮೇಸ್ತ್ರಿ ಎದ್ದು ಬಂದ. ಒರೆಸುವಂಥದ್ದೇನೂ ಆ ಮುಚ್ಚಳಗಳ ಮೇಲೆ ಇರಲಿಲ್ಲ. ಹಲಗೆಯ ಮುಂದೆ ನಿಂತು ಕಣ್ಣು ಮುಚ್ಚಿದ. ಬಲಗೈಯ ನಾಲ್ಕು ಬೆರಳುಗಳನ್ನು ಈ ತುದಿಯಲ್ಲಿಟ್ಟು, ಮರದ ಎಳೆ ಹೋದ ದಿಕ್ಕಿನಲ್ಲೇ ಆ ತುದಿಯವರೆಗೆ ನಿಧಾನವಾಗಿ ಎಳೆದ. ಮತ್ತೆ ಅಡ್ಡಡ್ಡ ಒಂದು ಸಲ. ಆಮೇಲೆ ಕಣ್ಣು ತೆರೆದು, "ಹೂಂ" ಅಂದ.

ಬಾಮೈದ ತಲೆಯಾಡಿಸಿ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದ.

ಇಪ್ಪತ್ತೆರಡು ವರ್ಷಗಳಿಂದ ಆ ಕಾರ್ಖಾನೆಯಲ್ಲಿ ಇದೇ ಪದ್ಧತಿ. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಇರುವುದು ಉದ್ದನೆಯ ಒಂದು ತಗಡಿನ ಶೆಡ್ಡು, ಒಂದು ಮರ ಕೊಯ್ಯುವ ಯಂತ್ರ, ಎರಡು ಕೆಲಸದ ಮೇಜು, ಮೂಲೆಯಲ್ಲಿ ಮೇಸ್ತ್ರಿಯ ಹೆಂಡತಿ ದಿಂಬಿನ ಗವಸು ಹೊಲಿಯುವ ಮಿಷನ್ನು. ಮೇಸ್ತ್ರಿಯ ಕೈ ಹಾಯದೆ, ಅವನ ಬಾಯಿಂದ ಹೂಂ ಬೀಳದೆ ಅಲ್ಲಿಂದ ಒಂದು ಸ್ಟೂಲೂ ಹೊಸ್ತಿಲು ದಾಟಿದ್ದಿಲ್ಲ. ಮಾತಿನಲ್ಲಿ ಮೇಸ್ತ್ರಿ ಮಹಾ ಜಿಪುಣ. ಅವನ ಹತ್ತಿರ ಇದ್ದದ್ದು ಎರಡೇ ತೀರ್ಪು, ಒಂದು ಹೂಂ, ಇನ್ನೊಂದು ಉಹೂಂ. ಉಹೂಂ ಅಂದರೆ ಬಾಮೈದ ಮತ್ತೆ ಮರಳು ಕಾಗದ ಹಿಡಿಯಬೇಕು. ಮೊದಮೊದಲು ಇದಕ್ಕಾಗಿ ದೊಡ್ಡ ರಂಪಗಳೇ ಆಗುತ್ತಿದ್ದವು. "ನನ್ನ ಕಣ್ಣಿಗೆ ಕಾಣದ್ದು ನಿಮ್ಮ ಬೆರಳಿಗೆ ಹೇಗೆ ಕಾಣುತ್ತೆ ಭಾವ?" ಎಂದು ಬಾಮೈದ ಹಾರಾಡುತ್ತಿದ್ದ. ಒಂದು ದಿನ ಹಟಕ್ಕೆ ಬಿದ್ದು, ತನ್ನ ತಲೆಯದೇ ಒಂದು ಕೂದಲು ಕಿತ್ತು ಹಲಗೆಯ ಮೇಲಿಟ್ಟು, ಅದರ ಮೇಲೊಂದು ಕಾಗದ ಹೊದಿಸಿ, "ಎಲ್ಲಿದೆ ಹೇಳಿ ನೋಡೋಣ" ಅಂದಿದ್ದ. ಮೇಸ್ತ್ರಿ ಕಣ್ಣು ಮುಚ್ಚಿ ಒಂದು ಸಲ ಕೈಯಾಡಿಸಿ, ಕೂದಲಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟಿದ್ದ. ಅವತ್ತಿಗೆ ಜಗಳ ಮುಗಿಯಿತು.

ಆ ಬೆರಳುಗಳಿಗೆ ಈಗ ಏನೂ ತಿಳಿಯುತ್ತಿರಲಿಲ್ಲ.

ಹದಿನಾಲ್ಕು ತಿಂಗಳಾಗಿತ್ತು. ಯಾರದೋ ಮನೆಯ ಬೀರುವಿನ ಬಾಗಿಲಿಗೆ ಕೊನೆಯ ಕೈ ಪಾಲಿಶ್ ಬಳಿದು, ಒಣಗಿದೆಯೋ ಇಲ್ಲವೋ ನೋಡಲು ಎಂದಿನಂತೆ ಬೆರಳು ತಾಗಿಸಿದ್ದ. ಒಣಗಿದೆ ಅನ್ನಿಸಿತು. ಬಾಗಿಲು ಎತ್ತಿ ನೋಡಿದರೆ ಐದು ಬೆರಳಿನ ಗುರುತು ಅಚ್ಚೊತ್ತಿದಂತೆ ಕೂತಿತ್ತು. "ಏನು ಭಾವ, ಸಹಿ ಹಾಕಿದ್ದೀರಾ?" ಎಂದು ಬಾಮೈದ ನಕ್ಕಿದ್ದ. ಮೇಸ್ತ್ರಿಯೂ ನಕ್ಕಿದ್ದ. ಅದನ್ನು ಉಜ್ಜಿ ತೆಗೆದು ಮತ್ತೆ ಬಳಿಯುವಾಗ ಅರಗಿನ ಪಾಲಿಶಿನಲ್ಲಿ ಅದ್ದಿದ ಬಟ್ಟೆಯುಂಡೆ ಕೈಯಲ್ಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಾಯಿತು.

ಆ ವಾರವೇ ಯಾರಿಗೂ ಹೇಳದೆ ಎರಡು ಬಸ್ಸು ಬದಲಿಸಿ, ಪರಿಚಯದವರು ಸಿಗದ ಕಡೆಯ ಒಬ್ಬ ಡಾಕ್ಟರ ಹತ್ತಿರ ಹೋಗಿ ಬಂದಿದ್ದ. ಡಾಕ್ಟರು ಗುಂಡುಸೂಜಿಯಿಂದ ಒಂದೊಂದೇ ಬೆರಳು ಚುಚ್ಚಿ, "ಈಗ? ಈಗ?" ಎಂದು ಕೇಳಿದ್ದರು. ರಕ್ತ ಪರೀಕ್ಷೆ, ನರದ ಪರೀಕ್ಷೆ ಎಲ್ಲ ಆದಮೇಲೆ, ಮೂವತ್ತು ವರ್ಷ ಬರಿಗೈಯನ್ನು ಥಿನ್ನರಿನಲ್ಲಿ ಅದ್ದಿದ್ದೂ ಕಾರಣವಿರಬಹುದು, ಬೇರೆಯೂ ಇರಬಹುದು ಅಂದರು. "ಇನ್ನು ಅದನ್ನ ಮುಟ್ಟಬೇಡಿ. ಸ್ಪರ್ಶ ವಾಪಸ್ ಬರುತ್ತಾ ಅಂದ್ರೆ... ಬರುತ್ತೆ ಅಂತ ನಾನು ಹೇಳಲಾರೆ." ಮೇಸ್ತ್ರಿ ಚೀಟಿಯನ್ನು ನಾಲ್ಕಾಗಿ ಮಡಿಸಿ, ಅರಗಿನ ಡಬ್ಬಿಯ ತಳದಲ್ಲಿ ಹುದುಗಿಸಿಟ್ಟ. ಆ ಡಬ್ಬಿಗೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ. ಅಳು ಬರಬಹುದು ಎಂದು ಬಸ್ಸಿನಲ್ಲಿ ಕಾದಿದ್ದ. ಬರಲಿಲ್ಲ. ಬೆರಳಿನ ಜೊತೆ ಒಳಗೂ ಏನೋ ಮರಗಟ್ಟಿರಬೇಕು ಅನ್ನಿಸಿತು, ಅದೂ ಯಾರದೋ ವಿಷಯವೆಂಬಂತೆ.

ಹೇಳದಿರುವುದಕ್ಕೆ ಕಾರಣವಿತ್ತು. ಶೆಡ್ಡು ಮಾವನದು. ಯಂತ್ರ, ಮೇಜು, ಹಿಡಿ ಸವೆದ ಉಳಿಗಳು, ಬೋರ್ಡಿನ ಮೇಲಿನ ಹೆಸರು, ಎಲ್ಲವೂ ಹೆಂಡತಿಯ ತವರಿನ ಕಡೆಯವು. ಅವನು ಆ ಮನೆಗೆ ಅಳಿಯನಾಗಿ ಬಂದಾಗ ತಂದದ್ದು ಈ ಬೆರಳುಗಳನ್ನು ಮಾತ್ರ. ಬೆರಳಿಲ್ಲದ ಮೇಲೆ ಆ ಶೆಡ್ಡಿನಲ್ಲಿ ಅವನು ನೆಂಟ. ಬಂದರೆ ಕುರ್ಚಿ ಒರೆಸಿ ಕೊಡುತ್ತಾರೆ, ಟೀ ತರಿಸುತ್ತಾರೆ, ಕೆಲಸದ ಮಾತು ಬಂದಾಗ ದನಿ ತಗ್ಗಿಸುತ್ತಾರೆ. ಮುದುಕನಾದ ಮಾವನಿಗೆ ಕೊನೆಯ ನಾಲ್ಕು ವರ್ಷ ಅವನೇ ಹಾಗೆ ಮಾಡಿದ್ದ. ಪ್ರೀತಿಯಿಂದಲೇ ಮಾಡಿದ್ದ.

ಆ ಹೊತ್ತಿಗೆ ಸರಿಯಾಗಿ ಬಂದವರು ನರ್ಸಮ್ಮ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತರಾದ ಹೆಂಗಸು, ಅಕ್ಕನ ಜೊತೆ ವಾಸ. ಮನೆಯ ಹಿಂದಿನ ತೋಟಕ್ಕೆ ಎರಡು ತೇಗದ ಬೆಂಚು, ಒಂದು ಮೇಜು ಬೇಕು, ಪಾಲಿಶ್ ಚೆನ್ನಾಗಿ ಮಿರಮಿರ ಅನ್ನಬೇಕು ಎಂದು ಕೇಳಿದರು. ಮೇಸ್ತ್ರಿಯ ಬಾಯಿಂದ ಮಾತು ತಾನಾಗಿ ಉದುರಿತು.

"ಪಾಲಿಶ್ ಬೇಡ ಅಮ್ಮ. ಹೊರಗಿಡೋ ಮರಕ್ಕೆ ಏನೂ ಬಳೀಬೇಡಿ. ಪಾಲಿಶ್ ಹಾಕಿದ್ರೆ ಬಿಸಿಲಿಗೆ ಸುಲಿಯುತ್ತೆ, ವರ್ಷಾವರ್ಷ ಉಜ್ಜಿ ಮತ್ತೆ ಹಾಕ್ಬೇಕು. ಹಾಗೇ ಬಿಡಿ. ತೇಗಕ್ಕೆ ಅದರದೇ ಎಣ್ಣೆ ಇದೆ. ಬಿಸಿಲು ಕಾಯಲಿ, ಮಳೆ ಹುಯ್ಯಲಿ, ಒಂದು ವರ್ಷದಲ್ಲಿ ತಾನೇ ಬೆಳ್ಳಿ ಬಣ್ಣಕ್ಕೆ ತಿರುಗುತ್ತೆ. ಆ ಬಣ್ಣ ನಾವ್ಯಾರೂ ಹಾಕೋಕೆ ಆಗಲ್ಲ."

ಅಷ್ಟು ಉದ್ದದ ಮಾತನ್ನು ಅವನು ಆ ಶೆಡ್ಡಿನಲ್ಲಿ ಹಿಂದೆಂದೂ ಆಡಿರಲಿಲ್ಲ. ಹೊಲಿಗೆ ಮಿಷನ್ನು ನಿಂತಿತು. ಬಾಮೈದ ಉಳಿ ಹಿಡಿದವನು ಹಿಡಿದಂತೆಯೇ ನೋಡಿದ. ಪಾಲಿಶ್ ಇಲ್ಲದ ಮರವೆಂದರೆ ತಲೆ ಬಾಚದೆ ಮದುವೆಗೆ ಹೊರಟ ಹಾಗೆ ಎಂದು ಬಂದ ಗಿರಾಕಿಗಳಿಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ ಇವನೇನಾ ಅನ್ನುವಂತಿತ್ತು ಆ ನೋಟ. ನರ್ಸಮ್ಮನಿಗೆ ಮಾತ್ರ ಬಹಳ ಹಿಡಿಸಿತು. "ತಮ್ಮ ಕೆಲಸ ತಾವೇ ಬೇಡ ಅನ್ನೋ ಮೇಸ್ತ್ರೀನ ಇವತ್ತೇ ನೋಡಿದ್ದು" ಎಂದು ಮೆಚ್ಚಿಕೊಂಡು ಹೋದರು. ಹೋದವರು ನಾಲ್ಕು ಜನಕ್ಕೆ ಹೇಳಿದರು. ಆ ನಾಲ್ವರು ಇನ್ನು ನಾಲ್ವರನ್ನು ಕಳಿಸಿದರು. ಬೀರು, ಕಪಾಟುಗಳ ಕೆಲಸ ಕಮ್ಮಿಯಾಗುತ್ತ ಬಂತು. ಯಾರಾದರೂ ಕೇಳಿಕೊಂಡು ಬಂದರೂ ಬಾಮೈದನೇ, "ಈಗ ಕೈ ತುಂಬ ಕೆಲಸ ಇದೆ" ಎಂದು ಸಾಗಹಾಕುತ್ತಿದ್ದ. ಶೆಡ್ಡಿನಿಂದ ಹೊರಬೀಳುವುದೆಲ್ಲ ತೋಟದ ಬೆಂಚು, ತೋಟದ ಮೇಜು, ಬರಿಮೈಯ ತೇಗ. ಮೇಸ್ತ್ರಿಗೆ ಉಳಿದ ಕೆಲಸ ಒಂದೇ, ಕಣ್ಣು ಮುಚ್ಚಿ ಕೈಯಾಡಿಸಿ ಹೂಂ ಅನ್ನುವುದು. ಅದೃಷ್ಟ ಅಂದರೆ ಇದೇ ಇರಬೇಕು ಎಂದುಕೊಂಡಿದ್ದ. ಸಂತೋಷವೇನೂ ಆಗಿರಲಿಲ್ಲ.

ಹಲಗೆ ಗೋಡೆಗೆ ಒರಗಿಸಿದ ಬಾಮೈದ ಅಂಗಿಗೆ ಕೈ ಒರೆಸಿಕೊಂಡು ಹೇಳಿದ: "ನರ್ಸಮ್ಮ ಫೋನ್ ಮಾಡಿದ್ರು ಭಾವ. ಬೆಂಚಲ್ಲಿ ಸಿಬಿರು ಏಳ್ತಿದೆಯಂತೆ. ಅವರ ಅಕ್ಕನ ಅಂಗೈಗೆ ಚುಚ್ಚಿದೆ. ನಾಳೆ ಬಂದು ಎಲ್ಲೆಲ್ಲಿ ಎದ್ದಿದೆ ನೋಡಿ, ಉಜ್ಜಿ ಕೊಟ್ಟು ಹೋಗಿ ಅಂದ್ರು."

"ನೀನೇ ಹೋಗಿ ಬಾ."

"ನಿಮ್ಮನ್ನೇ ಕರ್ಕೊಂಡು ಬಾ ಅಂದಿದ್ದಾರೆ. ನಿಮ್ಮ ಮಾತು ಕೇಳಿ ಪಾಲಿಶ್ ಬಿಟ್ಟಿದ್ದಲ್ವಾ." ಬಾಮೈದ ಮರಳು ಕಾಗದದ ಕಟ್ಟನ್ನು ತೆರೆದು ಎಣಿಸಿದ. ಈಚೆಗೆ ಆ ಕಟ್ಟು ಬಹಳ ಬೇಗ ಖಾಲಿಯಾಗುತ್ತಿದೆ ಎಂದು ಮೇಸ್ತ್ರಿಗೆ ಅನ್ನಿಸಿತ್ತು. ಇನ್ನೊಂದನ್ನೂ ಗಮನಿಸಿದ್ದ. ಸಂಜೆ ತಾನೇ ನೆಲ ಗುಡಿಸಿ ಹೋಗಿದ್ದರೂ ಬೆಳಿಗ್ಗೆ ಬಂದಾಗ ಮೇಜಿನ ಕಾಲಿನ ಸುತ್ತ ಹೊಸ ಪುಡಿ ಇರುತ್ತಿತ್ತು. ಬಾಮೈದ ಈಗ ಅವನಿಗಿಂತ ಒಂದು ಗಂಟೆ ಮೊದಲೇ ಬಂದು ಶೆಡ್ಡು ತೆಗೆಯುತ್ತಿದ್ದ. ಕೇಳಿದರೆ, "ಬೆಳಗಿನ ತಂಪಲ್ಲಿ ಕೈ ಓಡುತ್ತೆ ಭಾವ" ಅನ್ನುತ್ತಿದ್ದ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಟೀ ಲೋಟವನ್ನು ಅವನ ಮುಂದಿಟ್ಟಳು, ಕೈಗೆ ಕೊಡಲಿಲ್ಲ. ಮೊದಲು ಕೈಗೇ ಕೊಡುತ್ತಿದ್ದಳು. ಮೇಸ್ತ್ರಿ ಲೋಟ ಎತ್ತಿ ಮೊದಲು ಕೆನ್ನೆಗೆ ತಾಗಿಸಿದ. ಬಿಸಿ ಎಷ್ಟಿದೆ ಎಂದು ಬೆರಳು ಹೇಳುವುದನ್ನು ಬಿಟ್ಟ ಮೇಲೆ, ಒಂದೆರಡು ಸಲ ನಾಲಗೆ ಸುಟ್ಟುಕೊಂಡು ಕಲಿತ ಉಪಾಯ ಅದು.

"ಅದೇನು ಆ ಲೋಟದ ಮೇಲೆ ಅಷ್ಟೊಂದು ಮುದ್ದು?" ಅಂದಳು ಅವಳು, ಮಿಷನ್ನಿಗೆ ಬೇಕಾದ ದಾರ ಸುತ್ತುತ್ತ. "ಮದುವೆಯಾದ ಹೊಸತರಲ್ಲೂ ನನ್ನ ಕೆನ್ನೆಗೆ ಹೀಗೆ ಕೆನ್ನೆ ಕೊಟ್ಟವರಲ್ಲ ನೀವು."

"ಚಳಿ."

"ಚಳಿಯಂತೆ. ಹೊರಗೆ ಬಿಸಿಲು ಸುರೀತಾ ಇದೆ." ಅವಳು ಇನ್ನೇನೋ ಹೇಳಲು ಹೋಗಿ, ದಾರವನ್ನು ಹಲ್ಲಿನಲ್ಲಿ ಕಡಿದಳು. ದಾರದುಂಡೆ ಕೆಳಗಿಟ್ಟು, "ಅಂಗಿಯ ಗುಂಡಿ ಹಾಕ್ಲಾ?" ಎಂದು ಕೇಳಿದಳು.

"ನನಗೆ ಬರುತ್ತೆ."

ಮೇಲಿನ ಎರಡು ಗುಂಡಿಗೆ ಅವನಿಗೆ ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತೂ ಅವಳು ಗೋಡೆ ನೋಡುತ್ತಿದ್ದಳು.

ನರ್ಸಮ್ಮನ ಮನೆಯ ಪಕ್ಕದ ಓಣಿಯಿಂದ ಹಿಂದಕ್ಕೆ ಹೋದರೆ ತೋಟ. ತೋಟವೆಂದರೆ ನಾಲ್ಕು ಸಾಲು ಕುಂಡ, ಒಂದು ನಿಂಬೆ ಗಿಡ, ಗೋಡೆಯ ಮೇಲೆ ಹಬ್ಬಿದ ಬಳ್ಳಿ. ಬಳ್ಳಿಯ ಮುಂದೆ ಎರಡು ಬೆಂಚುಗಳು, ನಡುವೆ ಮೇಜು. ಮೇಸ್ತ್ರಿ ಅಲ್ಲೇ ನಿಂತುಬಿಟ್ಟ.

ಮೊದಲ ಬೆಂಚಿನ ಒಂದು ಮೂಲೆ ಮಾಡಿನ ಕೆಳಗಿತ್ತು. ಅಲ್ಲಿ ತೇಗ ಇನ್ನೂ ಶೆಡ್ಡಿನಿಂದ ಹೊರಟ ದಿನದಂತೆ ಜೇನಿನ ಬಣ್ಣದಲ್ಲೇ ಇತ್ತು. ಅಲ್ಲಿಂದ ಈಚೆಗೆ ಬರುತ್ತ ಬರುತ್ತ ಬಣ್ಣ ತೆಳುವಾಗಿ, ಮಾಸಲಾಗಿ, ತುದಿಯಲ್ಲಿ ಪೂರ್ತಿ ಬೂದು. ಬಿಸಿಲು ಓರೆಯಾಗಿ ಬಿದ್ದ ಕಡೆ ಆ ಬೂದು ನಿಜಕ್ಕೂ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೇಜಿನ ಮೇಲೆ ಕುಂಡ ಇಟ್ಟು ಎತ್ತಿದ ಜಾಗ ದುಂಡಗೆ ಕಂದಾಗಿ ಉಳಿದಿತ್ತು. ಕಾಲುಗಳು ನೆಲದ ತೇವ ಹೀರಿ ಗೇಣುದ್ದ ಕಪ್ಪಾಗಿದ್ದವು. ಹಲಗೆಯ ತುದಿಗಳಲ್ಲಿ ಉಗುರು ಹೋಗುವಷ್ಟು ಸಣ್ಣ ಬಿರುಕು. ಯಾವುದೂ ಅಲ್ಲಾಡಿರಲಿಲ್ಲ, ಬಾಗಿರಲಿಲ್ಲ. ಒಂದು ವರ್ಷದ ಹಿಂದೆ ತಪ್ಪಿಸಿಕೊಳ್ಳಲು ಹೇಳಿದ್ದ ಮಾತು ಹೇಳಿದಂತೆಯೇ ನಡೆದುಹೋಗಿತ್ತು. ನೋಡಿ ನಾಚಿಕೆಯಾಗಬೇಕಿತ್ತು, ಇಲ್ಲವೇ ಹೆಮ್ಮೆ. ಎರಡಕ್ಕೂ ಅವನು ಒಂದಿಷ್ಟು ಹೊತ್ತು ಜಾಗ ಬಿಟ್ಟು ನಿಂತ. ಎರಡೂ ಬರಲಿಲ್ಲ.

"ಬಣ್ಣ ನೀವು ಹೇಳಿದ ಹಾಗೇ ಬಂತು ಮೇಸ್ತ್ರಿ," ಎಂದು ನರ್ಸಮ್ಮ ಸೀಟಿನ ಮೇಲಿನ ಒಣಗಿದ ಎಲೆಗಳನ್ನು ಕೊಡವಿದರು. ಗಿಡ್ಡ ದೇಹ, ಕತ್ತಿಗೆ ನೇತುಹಾಕಿದ ಕನ್ನಡಕ, ಆಸ್ಪತ್ರೆಯಲ್ಲಿದ್ದಾಗಿನ ಅದೇ ಚುರುಕು ನಡಿಗೆ. "ನನ್ನದೇನೂ ತಕರಾರಿಲ್ಲ. ಅಕ್ಕ ಮಾತ್ರ ಎದ್ದೇಳುವಾಗ ಕೈ ಊರ್ತಾಳೆ ನೋಡಿ, ಅಂಗೈಗೆ ಚುಚ್ಚಿತು. ಎಲ್ಲೆಲ್ಲಿ ಎದ್ದಿದೆ ಅಂತ ನೋಡಿ ಒಂದಿಷ್ಟು ನಯ ಮಾಡಿಕೊಟ್ರೆ ಸಾಕು. ಬಣ್ಣ ಕೆಡಿಸ್ಬೇಡಿ ಮತ್ತೆ."

"ಮಳೆಗೆ ನೆಂದು ಒಣಗಿ ಎಳೆ ಏಳುತ್ತೆ ಅಮ್ಮ. ಅದೇನೂ ರೋಗ ಅಲ್ಲ," ಅಂದ ಬಾಮೈದ. ಕೈಚೀಲ ಕೆಳಗಿಟ್ಟು ಮರಳು ಕಾಗದ ಹುಡುಕತೊಡಗಿದ. "ನಾನು ನೋಡ್ತೀನಿ ಬಿಡಿ ಭಾವ. ನೀವು ನೆರಳಲ್ಲಿ ಕೂತ್ಕೊಳ್ಳಿ."

"ಇರಲಿ, ಅವರೇ ನೋಡ್ಲಿ. ಅವರ ಕೈಯ ವಿಷಯ ನಾನೂ ಕೇಳಿದ್ದೀನಿ," ಅಂದರು ನರ್ಸಮ್ಮ.

ಮೇಸ್ತ್ರಿ ಬೆಂಚಿನ ಮುಂದೆ ನಿಂತು ಕಣ್ಣು ಮುಚ್ಚಿದ.

ಕಣ್ಣು ತೆರೆದಿದ್ದರೆ ಏನೂ ಆಗುತ್ತಿರಲಿಲ್ಲ. ಬಿಸಿಲಿಗೆ ಎದುರಾಗಿ ಬಗ್ಗಿ ನೋಡಿದರೆ ಯಾರಿಗಾದರೂ ಕಾಣುವಂತೆ ಸೀಟಿನ ಅಂಚಿನುದ್ದಕ್ಕೂ ಎಳೆಗಳು ಎದ್ದು ನಿಂತಿದ್ದವು. ಆದರೆ ಮರದ ಮುಂದೆ ನಿಂತರೆ ಕಣ್ಣು ತಾನಾಗಿ ಮುಚ್ಚುವುದು ಅವನ ಮೂವತ್ತು ವರ್ಷದ ಚಾಳಿ. ನಾಲ್ಕು ಬೆರಳನ್ನು ಈ ತುದಿಯಲ್ಲಿಟ್ಟು ಆ ತುದಿಯವರೆಗೆ ಎಳೆದ. ನಿಧಾನವಾಗಿ, ಬೆರಳು ಊರಿ. ಮತ್ತೆ ಅಡ್ಡಡ್ಡ. ಶೆಡ್ಡಿನಲ್ಲಿ ಹೇಗೋ ಹಾಗೆಯೇ ಇಲ್ಲೂ ಕತ್ತಲು, ಕತ್ತಲಲ್ಲಿ ಏನೂ ಇಲ್ಲ.

"ಹೂಂ" ಅಂದ. "ನಯವಾಗೇ ಇದೆ ಅಮ್ಮ."

ಮೇಸ್ತ್ರಿ ಕಣ್ಣು ತೆರೆದ. ಬೂದು ಹಲಗೆಯ ಮೇಲೆ, ಅವನ ಕೈ ಹಾದುಹೋದ ದಾರಿಯಲ್ಲೇ, ಸೀಸದಕಡ್ಡಿಯಲ್ಲಿ ಎಳೆದಷ್ಟು ಸಪೂರದ ಒಂದು ಕೆಂಪು ಗೆರೆ ಇತ್ತು. ಅಡ್ಡಕ್ಕೆ ಹೋದ ಕಡೆ ಅದು ತಿರುಗಿ ದಪ್ಪಗಾಗಿತ್ತು. ಇದೆಲ್ಲಿಂದ ಬಂತು ಎಂದು ಒಂದು ಕ್ಷಣ ಮೇಲೆ ನೋಡಿದ, ಬಳ್ಳಿಯಿಂದ ಏನಾದರೂ ಹಣ್ಣು ಉದುರಿತೇ ಎಂದು.

"ಕೈ ಕೊಡಿ," ಅಂದರು ನರ್ಸಮ್ಮ. ದನಿ ಬದಲಾಗಿತ್ತು.

ಉಂಗುರ ಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೂ ಒಂದು ಸಿಬಿರು ಚರ್ಮದಡಿ ಮಲಗಿತ್ತು. ಬೂದು ಬಣ್ಣದ ಅದರ ತುದಿ ಹೊರಗೆ ಇಣುಕುತ್ತಿತ್ತು.

"ನೋವಿದೆಯಾ?"

"ಸ್ವಲ್ಪ."

"ಹೌದಾ. ಸ್ವಲ್ಪ ಆ ಕಡೆ ತಿರುಗಿ ನೋಡಿ." ಅವನು ಗೋಡೆಯ ಕಡೆ ಮುಖ ಮಾಡಿದ. "ಈಗ ನಾನು ಯಾವ ಬೆರಳು ಹಿಡ್ಕೊಂಡಿದ್ದೀನಿ ಹೇಳಿ."

ಮೇಸ್ತ್ರಿ ಯೋಚಿಸಿದ. ಗಾಯವಾದ ಬೆರಳನ್ನೇ ಹಿಡಿದಿರಬೇಕು ಎಂದು ಲೆಕ್ಕ ಹಾಕಿ, "ಉಂಗುರ ಬೆರಳು" ಅಂದ.

ತಿರುಗಿ ನೋಡಿದರೆ ನರ್ಸಮ್ಮ ಅವನ ಕೈಯನ್ನು ಹಿಡಿದೇ ಇರಲಿಲ್ಲ. ಅದು ಬೆಂಚಿನ ತೋಳಿನ ಮೇಲೆ ಒಂದೇ ಇತ್ತು. ಬಾಮೈದ ನಿಂಬೆ ಗಿಡದ ಕಡೆ ತಿರುಗಿ, ಕೈಯಲ್ಲಿದ್ದ ಕಾಗದವನ್ನು ಮಡಿಸುತ್ತ, ಬಿಚ್ಚುತ್ತ ನಿಂತಿದ್ದ.

"ಎಷ್ಟು ದಿನ ಆಯ್ತು?"

"ಹದಿನಾಲ್ಕು ತಿಂಗಳು."

"ಡಾಕ್ಟರಿಗೆ ತೋರಿಸಿದ್ರಾ?"

"ಹೂಂ."

"ಔಷಧ?"

ಅವನು ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ತಿಳಿಯುವಂತಿರಲಿಲ್ಲ. ನರ್ಸಮ್ಮ ಗದರಲಿಲ್ಲ. ಒಳಗೆ ಹೋಗಿ ಡಬ್ಬಿ ತಂದು, ಅವನನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ, ಕನ್ನಡಕ ಏರಿಸಿ, ಸೂಜಿಯಿಂದ ಚರ್ಮ ಬಿಡಿಸತೊಡಗಿದರು. ಮೇಸ್ತ್ರಿ ನೋಡುತ್ತಿದ್ದ. ಯಾರದೋ ಕೈಗೆ ಯಾರೋ ಏನೋ ಮಾಡುತ್ತಿದ್ದಾರೆ. ಸಿಬಿರು ಒಂದೇ ತುಂಡಾಗಿ ಹೊರಬಂತು. ನರ್ಸಮ್ಮ ಅದನ್ನು ಹತ್ತಿಯ ಮೇಲಿಟ್ಟು, ಔಷಧಿ ಸವರಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿದರು. "ನನಗೆ ಗೊತ್ತಿರೋ ನರದ ಡಾಕ್ಟರ್ ಒಬ್ಬರಿದ್ದಾರೆ. ಗುರುವಾರ ನಾನೇ ಕರ್ಕೊಂಡು ಹೋಗ್ತೀನಿ. ನೀವು ಬರಲ್ಲ ಅನ್ನೋ ಹಾಗಿಲ್ಲ." ಡಬ್ಬಿ ಮುಚ್ಚಿ, ಟೀ ಮಾಡಲೆಂದು ಒಳಗೆ ಹೋದರು.

ತೋಟದಲ್ಲಿ ಇಬ್ಬರೇ ಉಳಿದರು.

"ನಿಮಗೆ ಹೇಳ್ಬೇಕು ಅಂತ..." ಮೇಸ್ತ್ರಿ ಅಷ್ಟಕ್ಕೇ ನಿಲ್ಲಿಸಿದ. ಬಾಮೈದನಿಗೆ ಅವನು ಎಂದೂ 'ನಿಮಗೆ' ಅಂದವನಲ್ಲ.

"ನನಗೆ ಗೊತ್ತಿತ್ತು ಭಾವ."

"ಯಾವಾಗಿಂದ?"

ಬಾಮೈದ ಬಂದು ಎರಡು ಮೆಟ್ಟಿಲು ಕೆಳಗೆ ಕೂತ. "ಒಂದು ವರ್ಷದಿಂದ ನೀವು ಒಂದು ಸಲಾನೂ ಉಹೂಂ ಅಂದಿಲ್ಲ. ಮೊದಲು ತಿಂಗಳಿಗೆ ಹತ್ತು ಸಲ ಅಂತಿದ್ರಿ. ನನ್ನ ಕೈ ಇದ್ದಕ್ಕಿದ್ದ ಹಾಗೆ ಅಷ್ಟು ಸುಧಾರಿಸಿಬಿಡ್ತು ಅಂತ ನಂಬೋಕೆ ನಾನೇನು ಪೆದ್ದನಾ?" ನಗಲು ನೋಡಿದ. "ಒಂದು ಸಲ ಬೇಕೂಂತಲೇ ಒರಟು ಬಿಟ್ಟೆ. ಮುಟ್ಟಿದ್ರೆ ಬಟ್ಟೆ ಹಿಡಿಯೋ ಅಷ್ಟು ಒರಟು. ನೀವು ಹೂಂ ಅಂದ್ರಿ. ಅವತ್ತು ನನಗೆ ಊಟ ಸೇರಲಿಲ್ಲ."

"ಬೆಳಿಗ್ಗೆ ನೆಲದ ಮೇಲೆ ಪುಡಿ..."

"ನಾನೇ. ನೀವು ಹೂಂ ಅಂದಿದ್ದನ್ನ ಮಾರನೇ ದಿನ ಬೇಗ ಬಂದು ಮತ್ತೆ ಉಜ್ತಿದ್ದೆ."

"ನಿಮ್ಮಕ್ಕನಿಗೆ ಹೇಳಿದ್ಯಾ?"

"ಅಕ್ಕನಿಗೆ ನಾನು ಹೇಳೋದೇನು? ಅವಳೇ ನನಗೆ ಹೇಳಿದ್ದು. ನೀವು ಮೊದಲನೇ ಸಲ ಲೋಟ ಕೆನ್ನೆಗಿಟ್ಕೊಂಡ್ರಲ್ಲ, ಅವತ್ತೇ."

ಮೇಸ್ತ್ರಿ ಬಟ್ಟೆ ಸುತ್ತಿದ ಬೆರಳನ್ನು ನೋಡಿಕೊಂಡ. ಹೆಚ್ಚುಕಡಿಮೆ ಒಂದು ವರ್ಷ ಮೂರು ಜನ ಒಂದೇ ಶೆಡ್ಡಿನಲ್ಲಿ ಒಂದೇ ಗುಟ್ಟನ್ನು, ಅವನು ಅವರಿಬ್ಬರಿಂದ, ಅವರಿಬ್ಬರು ಅವನಿಂದ, ಬಚ್ಚಿಟ್ಟುಕೊಂಡು ಓಡಾಡಿದ್ದರು. ಬೀರು, ಕಪಾಟು ಬೇಡವೆಂದು ಬಾಮೈದ ಸಾಗಹಾಕಿದ್ದು ಯಾಕೆಂದು ಈಗ ಹೊಳೆಯಿತು. ಅದೃಷ್ಟವೆಂದು ತಿಳಿದದ್ದು ಅದೃಷ್ಟವಾಗಿರಲಿಲ್ಲ. ಅವನಿಗೆ ತಿಳಿಯದ ಹಾಗೆ ಅವನಿಗೆ ಕುರ್ಚಿ ಒರೆಸಿ ಕೊಟ್ಟು ಆಗಲೇ ಒಂದು ವರ್ಷವಾಗಿತ್ತು.

"ಮತ್ತೆ ಯಾಕೋ ಹೇಳಲಿಲ್ಲ?"

"ನೀವೂ ಹೇಳಲಿಲ್ಲವಲ್ಲ."

ಬಾಮೈದ ಎದ್ದು ಬೆಂಚಿನ ಹತ್ತಿರ ಹೋದ. ಒದ್ದೆ ಬಟ್ಟೆಯಿಂದ ಕೆಂಪು ಗೆರೆ ಒರೆಸಿದ. ಮರ ಅಷ್ಟರಲ್ಲೇ ಒಂದಿಷ್ಟು ಹೀರಿಕೊಂಡಿತ್ತು, ಪೂರ್ತಿ ಹೋಗಲಿಲ್ಲ. ಮರಳು ಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿಗೆ ಹಗುರವಾಗಿ, ಬಣ್ಣ ಕೆಡದಂತೆ ಉಜ್ಜತೊಡಗಿದ. ಬೂದಿಯಂಥ ಪುಡಿ ಅವನ ಚಪ್ಪಲಿಯ ಮೇಲೆ ಉದುರಿತು. ಸೀಟು ಮುಗಿಯಿತು. ಬಗ್ಗಿ ಊದಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಬಾಯಿ ತೆರೆದ.

ಕರೆಯಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ತನ್ನದೇ ಅಂಗೈಯನ್ನು ಸೀಟಿನ ಮೇಲೆ ಆಡಿಸಿದ. ಆಡಿಸಿ ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಪ್ಯಾಂಟಿಗೆ ಕೈ ಒರೆಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಕೆಲಸವನ್ನೂ ಮುಗಿಯಿತು ಎಂದು ತಾನೇ ಹೇಳಿರಲಿಲ್ಲ.

ಆಗ ಮೇಸ್ತ್ರಿಗೆ ನೋವಾಯಿತು. ಬೆರಳಿನಲ್ಲಲ್ಲ. ಎದೆಯ ನಡುವೆ, ಯಾರೋ ಅಂಗೈ ಊರಿ ಒತ್ತಿದಂತೆ. ಕರೆಯದೆ ಹೋದದ್ದಕ್ಕೆ ಅಷ್ಟು ನೋವಾಗುತ್ತದೆಂದು ಅವನು ಎಣಿಸಿರಲಿಲ್ಲ.

ನರ್ಸಮ್ಮ ಟೀ ತಂದು ಮೆಟ್ಟಿಲ ಮೇಲಿಟ್ಟು, ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು. ಮೇಸ್ತ್ರಿ ಲೋಟ ಎತ್ತಿ ಕೆನ್ನೆಗೆ ಹಿಡಿದ. ಬಿಸಿ. ಲೋಟದ ಅಂಚಿನಲ್ಲಿ ಒಂದು ಕಡೆ ನಗ್ಗಿತ್ತು. ಅದೂ ತಿಳಿಯಿತು. ಅವನು ಲೋಟವನ್ನು ಸ್ವಲ್ಪ ತಿರುಗಿಸಿದ. ನಗ್ಗು ಕೆನ್ನೆಯ ಮೇಲೆ ಹಿಂದೆ ಸರಿಯಿತು. ಮತ್ತೆ ತಿರುಗಿಸಿದ, ವಾಪಸ್ ಬಂತು.

ಲೋಟ ಕೆಳಗಿಟ್ಟು ಎದ್ದ. ಬೆಂಚಿನ ಮುಂದೆ ಬಂದು, ಮೊಣಕಾಲೂರಿ ಕೂತ. ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ತನ್ನ ಎಡಗೆನ್ನೆಯನ್ನು ಬೂದು ಹಲಗೆಯ ಮೇಲಿಟ್ಟ. ಕಣ್ಣು ತಾನಾಗಿ ಮುಚ್ಚಿತು.

ಮೊದಲು ಬಿಸಿಲಿನ ಕಾವು ಬಂತು. ಅದರಡಿಯಲ್ಲಿ ಪುಡಿಯ ನವಿರು. ನಿಧಾನವಾಗಿ, ಎಳೆ ಹೋದ ದಿಕ್ಕಿನಲ್ಲೇ ಕೆನ್ನೆ ಜಾರಿಸುತ್ತ ಮೊಣಕಾಲಲ್ಲೇ ಪಕ್ಕಕ್ಕೆ ಸರಿದ. ಆಮೇಲೆ ಅಡ್ಡಡ್ಡ ಬರುವಾಗ ಹಲಗೆಯಿಂದ ಹಲಗೆಗೆ ಹೋಗುವ ಸಂದು ತಿಳಿಯಿತು. ಮುಂದಿನ ಹಲಗೆ ನಯ. ಅದರಾಚೆಯದೂ ನಯ. ಅಂಚಿಗೆ ಇನ್ನೊಂದು ಗೇಣು ಇರುವಾಗ, ದವಡೆಯ ಮೂಳೆಯ ಹತ್ತಿರ, ಕೂದಲೆಳೆಯಷ್ಟು ಸಣ್ಣದೊಂದು ಏನೋ ಮುಟ್ಟಿ ಹೋಯಿತು. ಅವನು ನಿಂತ. ಒಂದಿಷ್ಟು ಹಿಂದೆ ಸರಿದು ಮತ್ತೆ ಬಂದ. ಅಲ್ಲೇ ಇತ್ತು.

"ಉಹೂಂ" ಅಂದ ಮೇಸ್ತ್ರಿ, ಕೆನ್ನೆ ಎತ್ತದೆ.

ಬಾಮೈದ ಹತ್ತಿರ ಬಂದು ಭಾವನ ಮುಖದ ಪಕ್ಕದಲ್ಲೇ ಕೂತು, ಮರಳು ಕಾಗದದ ಹೊಸ ಮಡಿಕೆ ಬಿಡಿಸಿದ.